ಎರಡನೇ ಕತ್ತಿ ಯಾರ ಕೈಯಲ್ಲಿದೆ?

(ಬೋನಾಳದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳು ಮತ್ತು ಕೇರಿಯ ಯುವಕರ ಮುಂದೆ ಆಡಿದ ಮಾತುಗಳು)



ನಮ್ಮ ಕಡೆಯ ಒಂದು ಊರಿನ ಮಾತಿನಿಂದಲೇ ಶುರು ಮಾಡುತ್ತೇವೆ. ಊರಿನ ಹೆಸರು ಹೇಳುವುದಿಲ್ಲ. ನೀವು ನಿಮ್ಮ ನಿಮ್ಮ ಊರಿನ ಹೆಸರು ಹಾಕಿಕೊಂಡು ಕೇಳ್ರಿ. ಜಾತ್ರೆಯ ದಿನ ಕೇರಿಯ ನಾಲ್ಕು ಹುಡುಗರು ಗುಡಿಯ ಮೆಟ್ಟಿಲ ಹತ್ತಿರ ಹೋಗಿ 'ನಾವೂ ಒಳಗ ಬರ್ತೀವಿ' ಅಂದರು. ಕಟ್ಟೆಯ ಮೇಲೆ ಕೂತ ದೊಡ್ಡವರು ಬೈಯಲಿಲ್ಲ, ಹೊಡೆಯಲಿಲ್ಲ. ಬಹಳ ತಣ್ಣಗೆ, 'ತಮ್ಮಗೋಳ್ರ್ಯಾ, ಧರ್ಮದಾಗ ರಾಜಕೀಯ ತರಬ್ಯಾಡ್ರೋ' ಅಂದರು. ಹುಡುಗರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ತಿರುಗಿ ಬಂದರು.

ಅದೇ ದೊಡ್ಡವರು ಪಂಚಾಯ್ತಿ ಇಲೆಕ್ಷನ್ನಿನ ಹಿಂದಿನ ರಾತ್ರಿ ಕೇರಿಗೆ ಬಂದರು. ಕೈಯಲ್ಲಿ ಅದೇ ದೇವರ ಭಂಡಾರ ಇತ್ತು. ಒಬ್ಬೊಬ್ಬರನ್ನೇ ಕರೆದು, ಭಂಡಾರ ಮುಟ್ಟಿಸಿ, 'ಓಟು ನಮಗೇ ಹಾಕ್ತೀನಂತ ಆಣಿ ಮಾಡು' ಅಂದರು. ಗುಡಿಯ ಹೊಸ್ತಿಲು ಮುಟ್ಟಿದರೆ ಮೈಲಿಗೆಯಾಗುವ ಕೈ ಆ ರಾತ್ರಿ ಭಂಡಾರ ಮುಟ್ಟಿದರೆ ಮೈಲಿಗೆಯಾಗಲಿಲ್ಲ. ನಾವು ದೇವರ ಹತ್ತಿರ ಹೋಗುವಂತಿಲ್ಲ, ಆದರೆ ಓಟು ಕೇಳಲಿಕ್ಕೆ ದೇವರು ನಮ್ಮ ಹತ್ತಿರ ಬರಬಹುದು.

ಈಗ ಹೇಳ್ರಿ, ಧರ್ಮದೊಳಗೆ ರಾಜಕೀಯ ತಂದವರು ಯಾರು? ಆ ನಾಲ್ಕು ಹುಡುಗರೋ, ಭಂಡಾರದ ಚೀಲ ಹಿಡಿದು ಬಂದವರೋ? ಈ ದೇಶದಲ್ಲಿ ಧರ್ಮ ಮತ್ತು ರಾಜಕೀಯ ಎಂದೂ ಬೇರೆ ಬೇರೆ ಮನೆಯಲ್ಲಿ ಮಲಗಿಲ್ಲ. ಆಳುವವರ ಕೈಯಲ್ಲಿ ಅವು ಬೆರೆತಾಗ ಅದಕ್ಕೆ 'ಸಂಪ್ರದಾಯ' ಅನ್ನುತ್ತಾರೆ. ನಾವು ಕೈ ಚಾಚಿದಾಗ ಮಾತ್ರ ಅದು 'ರಾಜಕೀಯ' ಆಗುತ್ತದೆ. ಆದ್ದರಿಂದ ಧರ್ಮ ರಾಜಕೀಯ ಬೆರೆಯಬೇಕೋ ಬ್ಯಾಡೋ ಎಂದು ವಾದ ಮಾಡುವುದು ನಮಗೆ ಹೊತ್ತು ಕಳೆಯುವ ಕೆಲಸ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಬೆರೆತದ್ದು ಯಾರ ಕೈಯಲ್ಲಿ?

ಈ ಪ್ರಶ್ನೆಯನ್ನು ಹಿಡಿದುಕೊಂಡು ಇವತ್ತು ಸಿಖ್ಖರ ಬಗ್ಗೆ ಮಾತಾಡುತ್ತೇವೆ. 'ಬೋನಾಳದಾಗ ಕೂತು ಪಂಜಾಬಿನ ಮಾತ್ಯಾಕ?' ಎಂದು ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಈ ಕೆರೆಗೆ ಚಳಿಗಾಲ ಬಂತೆಂದರೆ ಹಿಮಾಲಯದ ಆಚೆಯಿಂದ ಬಾತುಗಳು ಬಂದಿಳಿಯುತ್ತವೆ. ನೋಡಲಿಕ್ಕೆ ಪಟ್ಟಣದಿಂದ ಮಂದಿ ಬರುತ್ತಾರೆ. ಆದರೆ ಮುನ್ನೂರು ವರ್ಷಗಳ ಹಿಂದೆ ನಮ್ಮ ಸೀಮೆಯಿಂದಲೇ ಒಬ್ಬ ಮನುಷ್ಯ ಅತ್ತ ಕಡೆ ಹೋಗಿದ್ದ. ಅವನ ಹೆಸರು ನಮಗೆ ಯಾವ ಶಾಲೆಯಲ್ಲೂ ಹೇಳಿಕೊಡಲಿಲ್ಲ.

*

ಅವನು ಬೀದರಿನವ. ಜಾತಿಯಿಂದ ಕ್ಷೌರಿಕ. ಹೆಸರು ಸಾಹಿಬ್ ಚಂದ್.

ಬೀದರಿನ ನಾನಕ್ ಝೀರಾ ನಿಮ್ಮಲ್ಲಿ ಕೆಲವರು ನೋಡಿರಬಹುದು. ಹದಿನಾರನೇ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣಕ್ಕೆ ಬಂದಾಗ ಬೀದರಿನಲ್ಲಿ ಕುಡಿಯುವ ನೀರಿಗೆ ತತ್ವಾರವಾಗಿತ್ತು, ಅವರು ಪಾದುಕೆಯಿಂದ ಕಲ್ಲು ಸರಿಸಿದರು, ಸಿಹಿ ನೀರು ಚಿಮ್ಮಿತು ಎಂಬುದು ಸಿಖ್ಖರ ನಂಬಿಕೆ. ಝೀರಾ ಅಂದ್ರೆ ಝರಿ. ಪವಾಡವನ್ನು ನಾವು ನಂಬಬೇಕಾಗಿಲ್ಲ. ಆದರೆ ಒಂದು ಮಾತು ನೋಡ್ರಿ. ಆ ನೀರನ್ನು ಇವತ್ತು ಯಾರು ಬೇಕಾದರೂ ಕುಡಿಯಬಹುದು. ಪಕ್ಕದ ಲಂಗರಿನಲ್ಲಿ ಯಾರು ಬೇಕಾದರೂ ಸಾಲಿನಲ್ಲಿ ಕೂತು ಉಣ್ಣಬಹುದು. 'ನೀ ಯಾರ ಪೈಕಿ?' ಎಂದು ಕೇಳುವುದಿಲ್ಲ. ಒಂದು ಕೆರೆಯ ನೀರು ಮುಟ್ಟಲು 1927ರಲ್ಲಿ ಮಹಾಡಿಗೆ ದಂಡೆತ್ತಿ ಹೋಗಬೇಕಾದ ಜನ ನಾವು. ನೀರಿನ ಬೆಲೆ ನಮಗೆ ಗೊತ್ತದ.

1699ರ ವೈಶಾಖಿ ಹಬ್ಬದ ದಿನ ಆನಂದಪುರದಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗರು ಸಾವಿರಾರು ಜನರ ಮುಂದೆ ಹಿರಿದ ಕತ್ತಿ ಹಿಡಿದು ನಿಂತು ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಒಬ್ಬ ಎದ್ದ. ಡೇರೆಯೊಳಗೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಕತ್ತಿಯಲ್ಲಿ ರಕ್ತ. ಮತ್ತೆ ಕೇಳಿದರು. ಹೀಗೆ ಐದು ಸಲ ಕೇಳಿದರು, ಐದು ಜನ ಎದ್ದರು. ಲಾಹೋರಿನ ಒಬ್ಬ ಖತ್ರಿ. ಹಸ್ತಿನಾಪುರದ ಒಬ್ಬ ಜಾಟ. ಪುರಿಯ ಒಬ್ಬ ನೀರು ಹೊರುವವ. ದ್ವಾರಕೆಯ ಒಬ್ಬ ಬಟ್ಟೆಗೆ ಅಚ್ಚು ಹಾಕುವವ. ಐದನೆಯವ ನಮ್ಮ ಬೀದರಿನ ಕ್ಷೌರಿಕ. ಸಿಖ್ ಪರಂಪರೆ ಹೇಳುವ ಪ್ರಕಾರ ಆ ಐವರೂ ಡೇರೆಯಿಂದ ಜೀವಂತವಾಗಿ ಹೊರಗೆ ಬಂದರು. ಅವರಿಗೆ 'ಪಂಜ್ ಪ್ಯಾರೆ', ಐವರು ಪ್ರೀತಿಪಾತ್ರರು ಎಂದು ಹೆಸರಾಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ಅದು ಇನ್ನೊಂದು ಭಕ್ತಿಯ ಕಥೆ. ತಲೆ ಕೊಡುವ ಕಥೆಗಳು ನಮಗೆ ಬೇಕಾದಷ್ಟು ಗೊತ್ತು. ಕೆರೆಗೆ ಹಾರ ಆದವರೂ ನಾವೇ, ಕೋಟೆಯ ಬುಡಕ್ಕೆ ಬಲಿ ಆದವರೂ ನಾವೇ. ನಮ್ಮ ತಲೆ ಎಲ್ಲರಿಗೂ ಬೇಕಾಗಿತ್ತು. ಹೊಸದು ಏನೆಂದರೆ ಆಮೇಲೆ ನಡೆದದ್ದು. ಕಬ್ಬಿಣದ ಬಟ್ಟಲಿನಲ್ಲಿ ನೀರು ಹಾಕಿ, ಬತಾಸು ಹಾಕಿ, ಖಡ್ಗದಿಂದ ಕದಡಿ ಆ ಐವರಿಗೆ ಒಂದೇ ಬಟ್ಟಲಿನಿಂದ ಕುಡಿಸಿದರು. ಖತ್ರಿಗೂ ಅದೇ ಬಟ್ಟಲು, ಕ್ಷೌರಿಕನಿಗೂ ಅದೇ ಬಟ್ಟಲು. ಆಮೇಲೆ ಗುರು ಆ ಐವರ ಮುಂದೆ ಕೈಮುಗಿದು ಮಂಡಿಯೂರಿ, 'ಈಗ ನನಗೆ ನೀವು ಕುಡಿಸಿರಿ' ಎಂದು ಕೇಳಿದರು. ಶಿಷ್ಯರು ಗುರುವಿಗೆ ದೀಕ್ಷೆ ಕೊಟ್ಟರು.

ಗೆಳೆಯರೇ, ಇದನ್ನು ಸ್ವಲ್ಪ ನಿಧಾನವಾಗಿ ನಿಮ್ಮ ಊರಿಗೆ ತಂದು ನೋಡ್ರಿ. ಬೆಳಿಗ್ಗೆ ಎದ್ದು ಕ್ಷೌರಿಕನ ಮುಖ ನೋಡಿದರೆ ಕೆಲಸ ಕೆಡುತ್ತದೆ ಎನ್ನುವ ಊರುಗಳು ನಮ್ಮವು. ಆ ಕ್ಷೌರಿಕನ ಅಂಗಡಿಯಲ್ಲಿ ನಮಗೆ ಕಟಿಂಗ್ ಇಲ್ಲ ಎನ್ನುವ ಊರುಗಳೂ ನಮ್ಮವೇ. ಅವನನ್ನು ತುಳಿದವರ ಅಂಜಿಕೆಗೆ ಅವನು ನಮ್ಮನ್ನು ಹೊರಗೆ ನಿಲ್ಲಿಸುತ್ತಾನೆ. ಬಾಬಾಸಾಹೇಬರು ಹೇಳಿದ ಏಣಿಯ ಮೆಟ್ಟಿಲಿನ ಅಸಮಾನತೆ ಅಂದ್ರೆ ಇದೇ. ಹೋಟೆಲಿನಲ್ಲಿ ನಮಗೆ ಬೇರೆ ಕಪ್ಪು, ತೊಳೆದಿಡುವುದೂ ನಾವೇ. ಅಂಥ ಸೀಮೆಯಿಂದ ಹೋದ ಒಬ್ಬ ಕ್ಷೌರಿಕನ ಮುಂದೆ ಒಂದು ಧರ್ಮದ ಗುರು ಮಂಡಿಯೂರಿದ. ಸಾಹಿಬ್ ಚಂದ್ ಆ ದಿನ ಸಾಹಿಬ್ ಸಿಂಗ್ ಆದ. ಜಾತಿ ಹೇಳುವ ಹೆಸರಿನ ಬಾಲ ಕತ್ತರಿಸಿ ಗಂಡಸರೆಲ್ಲ ಸಿಂಗ್, ಹೆಂಗಸರೆಲ್ಲ ಕೌರ್. ಮೊಗಲ್ ಪಡೆಯ ಎದುರು ಚಮ್ಕೌರಿನಲ್ಲಿ ಹೋರಾಡುತ್ತ ಆತ ಸತ್ತ. ಕತ್ತಿ ಹಿಡಿಯುವ ಹಕ್ಕು ಯಾವ ಜಾತಿಗೆ ಇರಲಿಲ್ಲವೋ ಆ ಜಾತಿಯವ ಕತ್ತಿ ಹಿಡಿದೇ ಸತ್ತ.

ಬೀದರಿನ ಹತ್ತಿರದ ಜನವಾಡದಲ್ಲಿ ಮಾಯಿ ಭಾಗೋ ಎಂಬ ಹೆಣ್ಣುಮಗಳ ನೆನಪಿನ ಗುರುದ್ವಾರ ಇದೆ. ಗುರುವನ್ನು ಬಿಟ್ಟು ಹೋಗಿದ್ದ ನಲವತ್ತು ಗಂಡಸರನ್ನು ನಾಚಿಸಿ ಯುದ್ಧಕ್ಕೆ ಕರೆದುಕೊಂಡು ಹೋದವಳು ಆಕೆ. ಕೊನೆಗಾಲದಲ್ಲಿ ಆಕೆ ಇಲ್ಲಿ ನೆಲೆಸಿದಳು ಎಂದು ಹೇಳುತ್ತಾರೆ. ದೇವರ ಹೆಸರಿನಲ್ಲಿ ಅಕ್ಕತಂಗಿಯರಿಗೆ ಮುತ್ತು ಕಟ್ಟಿದ ನಾಡಿನಲ್ಲಿ, ಅದನ್ನು ನಿಲ್ಲಿಸಲು 1982ರಲ್ಲಿ ಕಾಯ್ದೆ ತರಬೇಕಾದ ನಾಡಿನಲ್ಲಿ, ಈ ಹೆಣ್ಣುಮಗಳ ಹೆಸರೂ ನಮಗೆ ಗೊತ್ತಿರಬೇಕು.

*

ಈಗ ಎರಡು ಕತ್ತಿಯ ಮಾತಿಗೆ ಬರೋಣ.

ಐದನೇ ಗುರು ಅರ್ಜುನರು 1604ರಲ್ಲಿ ಆದಿಗ್ರಂಥವನ್ನು ಸಂಪಾದಿಸಿದರು. ಅದರಲ್ಲಿ ಗುರುಗಳ ಮಾತಷ್ಟೇ ಇಲ್ಲ. ಚಮ್ಮಾರ ರವಿದಾಸರು ಇದ್ದಾರೆ. ನೇಕಾರ ಕಬೀರರು, ದರ್ಜಿ ನಾಮದೇವರು, ಕ್ಷೌರಿಕ ಸೈನ್, ಕಟುಕ ಸಧನ, ಮುಸಲ್ಮಾನ ಸಂತ ಶೇಖ್ ಫರೀದರು ಇದ್ದಾರೆ. ಚಮ್ಮಾರನ ಮಾತು ಇರುವ ಪುಸ್ತಕಕ್ಕೆ ಇವತ್ತು ರಾಜ ಬಂದರೂ ಮಂತ್ರಿ ಬಂದರೂ ತಲೆಬಾಗಬೇಕು. ಇದು ಧರ್ಮವೋ ರಾಜಕೀಯವೋ?

1606ರಲ್ಲಿ ಜಹಾಂಗೀರನ ಆಳ್ವಿಕೆಯಲ್ಲಿ ಗುರು ಅರ್ಜುನರನ್ನು ಲಾಹೋರಿನಲ್ಲಿ ಹಿಂಸೆ ಕೊಟ್ಟು ಕೊಂದರು. ಅವರ ಮಗ ಹರಗೋಬಿಂದರು ಆರನೇ ಗುರುವಾದರು. ಅವರು ಸೊಂಟಕ್ಕೆ ಎರಡು ಕತ್ತಿ ಕಟ್ಟಿಕೊಂಡರು. ಒಂದರ ಹೆಸರು ಪೀರಿ, ಇನ್ನೊಂದರ ಹೆಸರು ಮೀರಿ. ಈ ಮಾತುಗಳು ನಮ್ಮ ಕಡೆಯವರಿಗೆ ಹೊಸವಲ್ಲ. ಪೀರ ಅಂದ್ರೆ ಯಾರು ಎಂದು ಮೊಹರಂನಲ್ಲಿ ಅಲಾಯಿ ಆಡುವ, ತಿಂಥಣಿ ಮೌನಪ್ಪನ ಜಾತ್ರೆಗೆ ಹೋಗುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಮೀರ ಅಂದ್ರೆ ಆಳುವವ, ಉಳ್ಳವ. ಅದರಿಂದ ಬಂದದ್ದು ಮೀರಿ. ಪೀರಿ ಆತ್ಮದ ಅಧಿಕಾರ, ಮೀರಿ ಲೋಕದ ಅಧಿಕಾರ. ಆಮೇಲೆ ಅಮೃತಸರದಲ್ಲಿ ಹರಮಂದಿರದ ಎದುರಿಗೇ ಅಕಾಲ್ ತಖ್ತ್ ಕಟ್ಟಿಸಿದರು. ಒಂದರಲ್ಲಿ ಕೀರ್ತನೆ, ಇನ್ನೊಂದರಲ್ಲಿ ನ್ಯಾಯ ಪಂಚಾಯ್ತಿ, ಯುದ್ಧದ ಆಲೋಚನೆ. ಒಂದರಿಂದ ಹೊರಗೆ ಬಂದರೆ ಎದುರಿಗೆ ಇನ್ನೊಂದು ಕಾಣಬೇಕು.

ಇದರ ಅರ್ಥ ಇಷ್ಟೇ. ಎಲ್ಲರೂ ಸಮಾನರು ಎಂದು ಒಳಗೆ ಹಾಡಿದರೆ ಸಾಲದು. ಹೊರಗೆ ಬಂದಾಗ ಹಾಡಿದವನ ಕುತ್ತಿಗೆ ಕೊಯ್ಯಲು ಒಬ್ಬ ಕಾಯುತ್ತಿದ್ದರೆ ಅವನ ಕೈ ಹಿಡಿಯುವ ಶಕ್ತಿಯೂ ಬೇಕು. ಹಾಗೆಯೇ ಬರೀ ಶಕ್ತಿ ಇದ್ದರೆ ಸಾಲದು. ಯಾರ ಮೇಲೆ ಕತ್ತಿ ಎತ್ತಬಾರದು ಎಂಬ ತಿಳಿವಳಿಕೆಯೂ ಬೇಕು. 1708ರಲ್ಲಿ ನಾಂದೇಡದಲ್ಲಿ ತಾವು ಸಾಯುವ ಮುಂಚೆ ಗೋಬಿಂದ್ ಸಿಂಗರು ಇನ್ನು ಮೇಲೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಎಂದರು. ನಿರ್ಧಾರ ತೆಗೆದುಕೊಳ್ಳುವುದು ಕೂಡಿದ ಜನಕ್ಕೆ ಬಿಟ್ಟದ್ದು. ಪೀಠಕ್ಕೆ ವಾರಸುದಾರ ಯಾರು ಎಂದು ಕೋರ್ಟು ಹತ್ತುವ ನಮ್ಮ ಮಠಗಳನ್ನು ನೆನೆಸಿಕೊಳ್ರಿ. ನಾಂದೇಡವೇನೂ ದೂರದ್ದಲ್ಲ. 1956ರ ತನಕ ನಾವೂ ಅವರೂ ಒಂದೇ ಹೈದರಾಬಾದ್ ರಾಜ್ಯದ ಜನ.

*

ಈ ಎರಡು ಕತ್ತಿಯ ಲೆಕ್ಕದಲ್ಲಿ ನಮ್ಮ ನಾಡಿನ ಎರಡು ಚರಿತ್ರೆಗಳನ್ನು ಇಟ್ಟು ನೋಡಬೇಕು.

ಒಂದು ಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಬಿಜ್ಜಳನ ಆಸ್ಥಾನದಲ್ಲಿ ಬಸವಣ್ಣ ದೊಡ್ಡ ಅಧಿಕಾರದಲ್ಲಿದ್ದ. ಅನುಭವ ಮಂಟಪದಲ್ಲಿ ಕುಂಬಾರ, ಅಂಬಿಗ, ಹಡಪದ, ಮಾದಾರ ಎಲ್ಲರೂ ಕೂತರು. ಆದರೆ ಖಜಾನೆ, ಸೈನ್ಯ, ಮರಣದಂಡನೆಯ ಹಕ್ಕು ಎಲ್ಲ ಬಿಜ್ಜಳನದೇ. ಚಮ್ಮಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ಆ ಹಕ್ಕು ಕೆಲಸ ಮಾಡಿತು. ಇಬ್ಬರೂ ತಂದೆಯರನ್ನು ಎಳೆಹೂಟೆ ಹಾಕಿ ಕೊಂದರು. ಬಿಜ್ಜಳನೂ ಕೊಲೆಯಾದ, ಶರಣರು ದಿಕ್ಕಾಪಾಲಾದರು. ಕಲ್ಯಾಣದಲ್ಲಿ ಪೀರಿ ಇತ್ತು, ಮೀರಿ ಬೇರೆಯವರ ಕೈಯಲ್ಲಿತ್ತು. ಒಂದು ಮದುವೆಯನ್ನು ಕಾಪಾಡಿಕೊಳ್ಳಲಾಗಲಿಲ್ಲ. ಇವತ್ತೂ ಜಾತಿ ಬಿಟ್ಟು ಮದುವೆಯಾದ ಹುಡುಗ ಹುಡುಗಿಯನ್ನು ಕೊಂದ ಸುದ್ದಿ ಬಂದಾಗ ನಮಗೆ ಹರಳಯ್ಯ ನೆನಪಾಗುತ್ತಾನೆ. ಬಸವ ಜಯಂತಿಯ ಮೆರವಣಿಗೆ ಮಾಡುವವರಿಗೆ ನೆನಪಾಗುತ್ತಾನೋ ಇಲ್ಲವೋ ನಮಗೆ ತಿಳಿಯದು.

ಇನ್ನೊಂದು ಸುರಪುರ. ಬೇಡ ನಾಯಕರು ಇಲ್ಲಿ ಅರಸರಾದರು. ಮೊಗಲರಿಗೆ ಬಗ್ಗಲಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ಕೊಟ್ಟ. ಈ ಬೋನಾಳದ ಕೆರೆಯೂ ಆ ಅರಸರ ಕಾಲದ್ದೇ. ಇದು ನಮಗೆ ಹೆಮ್ಮೆಯ ಮಾತು. ಮನು ಯಾರಿಗೆ ಸಿಂಹಾಸನ ಕೊಡಲಿಲ್ಲವೋ ಅವರು ಅದನ್ನು ತಾವೇ ತೆಗೆದುಕೊಂಡರು. ಆದರೆ ಸಿಂಹಾಸನ ಬದಲಾದರೂ ಊರು ಬದಲಾಗಲಿಲ್ಲ. ಗುಡಿಯ ಗರ್ಭಗುಡಿ ಅಲ್ಲೇ ಉಳಿಯಿತು, ಹೊಲಗೇರಿ ಮಾದಿಗರ ಕೇರಿ ಅಲ್ಲೇ ಉಳಿದವು. ಇಲ್ಲಿ ಮೀರಿ ಸಿಕ್ಕಿತು, ಆದರೆ ಊರನ್ನು ಹೊಸದಾಗಿ ಕಟ್ಟುವ ಪೀರಿ ಸಿಗಲಿಲ್ಲ. ಸುರಪುರದ ಅರಸರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಇವತ್ತು ಮೀಸಲು ಕ್ಷೇತ್ರದಲ್ಲಿ ಗೆದ್ದು ಹೋದ ನಮ್ಮವರೂ ಯಾಕೆ ಬಾಯಿ ಬಿಡುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಕುರ್ಚಿ ಸಿಕ್ಕಿದೆ. ಕುರ್ಚಿಗೆ ಹೇಳುವ ಮಾತು ಸಿಕ್ಕಿಲ್ಲ.

*

ಹಾಗಾದರೆ ಎರಡೂ ಕತ್ತಿ ಇದ್ದ ಪಂಜಾಬಿನಲ್ಲಿ ನಮ್ಮ ಜನರ ಗತಿ ಏನಾಯಿತು? ಇಲ್ಲಿ ನಾವು ಸುಳ್ಳು ಹೇಳಬಾರದು. ಬೇರೆಯವರ ಧರ್ಮ ದೂರದಿಂದ ಚೆಂದ ಕಾಣುತ್ತದೆ.

1675ರಲ್ಲಿ ಔರಂಗಜೇಬನ ಕಾಲದಲ್ಲಿ ದಿಲ್ಲಿಯಲ್ಲಿ ಒಂಬತ್ತನೇ ಗುರು ತೇಗ್ ಬಹಾದುರರ ತಲೆ ಕಡಿದಾಗ ಆ ತಲೆಯನ್ನು ಎತ್ತಿಕೊಂಡು ಆನಂದಪುರದ ತನಕ ಹೋದವನು ಭಾಯಿ ಜೈತಾ. ಅವನು ರಂಗರೇಟ, ಅಂದ್ರೆ ಕಸಬಳಿಯುವವರೆಂದು ಅಸ್ಪೃಶ್ಯರಾಗಿ ಇಟ್ಟ ಜಾತಿಯವ. ಮಗ ಗೋಬಿಂದರು ಅವನನ್ನು ಅಪ್ಪಿಕೊಂಡರು. ಅವನೂ ಮುಂದೆ ಜೀವನ್ ಸಿಂಗ್ ಆಗಿ ಯುದ್ಧದಲ್ಲಿ ಸತ್ತ. ಗೋಬಿಂದರು ನಾಂದೇಡದಿಂದ ಕಳಿಸಿದ ಬಂದಾ ಬಹಾದುರ 1710ರಲ್ಲಿ ಸರ್‌ಹಿಂದ್ ಗೆದ್ದು ಜಮೀನ್ದಾರಿಕೆ ಮುರಿದು ಉಳುವವರಿಗೆ ಭೂಮಿ ಬಿಟ್ಟುಕೊಟ್ಟ ಎಂದು ಚರಿತ್ರೆ ಬರೆದವರು ಹೇಳುತ್ತಾರೆ.

ಆದರೆ ಉಳುವವರು ಅಂದ್ರೆ ಯಾರು? ಉಳುತ್ತಿದ್ದ ಜಾಟರು. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಮಜಹಬಿಗಳಿಗೆ, ಚಮ್ಮಾರರಿಗೆ ಭೂಮಿ ಬರಲಿಲ್ಲ. 1900ರಲ್ಲಿ ಇಂಗ್ಲಿಷರು ಕೃಷಿಕ ಜಾತಿಯವರ ಭೂಮಿ ಬೇರೆಯವರ ಪಾಲಾಗಬಾರದೆಂದು ಕಾಯ್ದೆ ಮಾಡಿದರು. ನಮ್ಮವರನ್ನು ಕೃಷಿಕ ಜಾತಿಗಳ ಪಟ್ಟಿಯಲ್ಲಿ ಸೇರಿಸಲಿಲ್ಲ. ದಿನವೆಲ್ಲ ಮಣ್ಣಿನಲ್ಲಿ ದುಡಿಯುವವನು ಕೃಷಿಕ ಅಲ್ಲ ಅಂತ! ಅಮೃತ ಕುಡಿದವರು ಸಮಾನರಾದರು, ಹೊಲದ ಬದುವಿನ ಹತ್ತಿರ ಮತ್ತೆ ಅಸಮಾನರಾದರು.

1920ರ ಅಕ್ಟೋಬರ್ 12ರಂದು ಹೊಸದಾಗಿ ದೀಕ್ಷೆ ಪಡೆದ ನಮ್ಮಂಥವರು ಹರಮಂದಿರಕ್ಕೆ ಪ್ರಸಾದ ತೆಗೆದುಕೊಂಡು ಹೋದಾಗ ಅಲ್ಲಿನ ಪೂಜಾರಿಗಳು ಅದನ್ನು ಮುಟ್ಟಲಿಲ್ಲ. ಚಮ್ಮಾರನ ಮಾತಿರುವ ಗ್ರಂಥದ ಮುಂದೆ ಚಮ್ಮಾರನ ಪ್ರಸಾದ ಮೈಲಿಗೆ! ಆದರೆ ಅವರು ತಿರುಗಿ ಬರಲಿಲ್ಲ. ನಮ್ಮ ನಾಲ್ಕು ಹುಡುಗರಿಗೂ ಅವರಿಗೂ ಇರುವ ಫರಕು ಇದು. ಅವರ ಸಂಗಡ ಕಾಲೇಜು ಕಲಿತವರು, ಮೇಲ್ಜಾತಿಯ ಸಿಖ್ಖರು ನಿಂತಿದ್ದರು. ಗ್ರಂಥವನ್ನೇ ತೆರೆದು ಓದಿಸಿದರು. ತೀರ್ಪು ಅವರ ಕಡೆಗೇ ಬಂತು. ಪ್ರಸಾದ ಒಪ್ಪಬೇಕಾಯಿತು. ಅಲ್ಲಿಂದ ಅಕಾಲ್ ತಖ್ತ್‌ಗೆ ಹೋದರು, ಅಲ್ಲಿನ ಪೂಜಾರಿಗಳು ಜಾಗ ಬಿಟ್ಟು ಹೋಗಿದ್ದರು. ಸುಮಾರು ಒಂದು ತಿಂಗಳಲ್ಲಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು. ಎಷ್ಟೋ ಜನ ಜೈಲಿಗೆ ಹೋದರು, ಎಷ್ಟೋ ಜನ ಸತ್ತರು. 1925ರಲ್ಲಿ ಗುರುದ್ವಾರಗಳು ವಂಶಪಾರಂಪರ್ಯದ ಮಹಂತರ ಕೈ ತಪ್ಪಿ, ಓಟಿನಿಂದ ಆರಿಸಿದ ಸಮಿತಿಯ ಕೈಗೆ ಬಂದವು. ದೇವರ ಮನೆಯ ಬೀಗದ ಕೈಯನ್ನು ಓಟಿನಿಂದ ತೆಗೆದುಕೊಂಡರು. ಅದರ ಬೆಂಕಿ ಹೊತ್ತಿದ್ದು ಒಬ್ಬ ಅಸ್ಪೃಶ್ಯನ ಪ್ರಸಾದದಿಂದ ಎಂಬುದನ್ನು ಮರೆಯಬ್ಯಾಡ್ರಿ.

ಆದರೂ ಮುಗಿಯಲಿಲ್ಲ. ಮಂಗೂ ರಾಮ್ ನಾಯಕತ್ವದಲ್ಲಿ 1926ರಲ್ಲಿ ಆದ್ ಧರ್ಮ ಚಳವಳಿ ಎದ್ದಿತು. 1931ರ ಜನಗಣತಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ತಾವು ಹಿಂದೂಗಳಲ್ಲ, ಸಿಖ್ಖರಲ್ಲ, ಆದ್ ಧರ್ಮಿಗಳು ಎಂದು ಬರೆಸಿದರು. 2003ರಲ್ಲಿ ಜಲಂಧರ್ ಹತ್ತಿರದ ತಲ್ಹಣದಲ್ಲಿ ಗುರುದ್ವಾರದ ಸಮಿತಿಯಲ್ಲಿ ಜಾಗ ಕೇಳಿದ ದಲಿತರಿಗೆ ಬಹಿಷ್ಕಾರ ಹಾಕಿದರು. 2006ರಲ್ಲಿ ಮಾನ್ಸಾ ಜಿಲ್ಲೆಯ ಬಂತ್ ಸಿಂಗ್‌ರನ್ನು ಜಾಟರು ಬಡಿದು ಹಾಕಿದರು. ಮಗಳ ಮೇಲಿನ ಅತ್ಯಾಚಾರಕ್ಕೆ ಕೋರ್ಟಿನಲ್ಲಿ ನ್ಯಾಯ ಪಡೆದದ್ದು, ಕೂಲಿಕಾರರ ಸಂಘ ಕಟ್ಟಿದ್ದು ಅವರ ತಪ್ಪು. ಎರಡೂ ಕೈ, ಒಂದು ಕಾಲು ಹೋದವು. ಅವರು ಹಾಡುಗಾರ. ಆಸ್ಪತ್ರೆಯಲ್ಲಿಯೂ ಹಾಡಿದರು. ಅವರೂ ಸಿಖ್ಖರೇ, ಹೊಡೆದವರೂ ಸಿಖ್ಖರೇ. ಪಂಜಾಬಿನಲ್ಲಿ ನೂರಕ್ಕೆ ಸುಮಾರು 32 ಜನ ಪರಿಶಿಷ್ಟ ಜಾತಿಯವರು ಎಂದು 2011ರ ಜನಗಣತಿ ಹೇಳುತ್ತದೆ. ಬೇರೆ ಯಾವ ರಾಜ್ಯದಲ್ಲೂ ಇಷ್ಟು ಇಲ್ಲ. ಹೊಲದಲ್ಲಿ ಅವರ ಪಾಲು ಮಾತ್ರ ಬೆರಳೆಣಿಕೆ.

ಅಲ್ಲಿನ ಕಾನೂನು ಪಂಚಾಯ್ತಿಯ ಸಾಗುವಳಿ ಭೂಮಿಯಲ್ಲಿ ಮೂರನೇ ಒಂದು ಪಾಲನ್ನು ದಲಿತರಿಗೇ ಗುತ್ತಿಗೆ ಕೊಡಬೇಕು ಅನ್ನುತ್ತದೆ. ಹೆಸರು ನಮ್ಮವರದು, ಉಳುಮೆ ದೊಡ್ಡವರದು, ಹೀಗೆ ನಡೆದಿತ್ತು. 2014ರಿಂದ ಸಂಗರೂರು ಕಡೆ ಜಮೀನ್ ಪ್ರಾಪ್ತಿ ಸಂಘರ್ಷ ಸಮಿತಿಯವರು ಆ ಭೂಮಿಗಾಗಿ ಹೋರಾಡಿ, ಹಲವು ಊರುಗಳಲ್ಲಿ ಪಡೆದು, ಕೂಡಿ ಬೇಸಾಯ ಮಾಡುತ್ತಿದ್ದಾರೆ. ಹೆಣ್ಣುಮಕ್ಕಳೇ ಮುಂದೆ. ಬೇರೆಯವರ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯಲು ಹೋಗಿ ಬೈಗುಳ ತಿನ್ನುವುದು ತಪ್ಪಿತು ಎಂಬುದು ಆ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಮಾತು. ಮೀರಿ ಅಂದ್ರೆ ಕೊನೆಗೆ ಇದೇ ನೋಡ್ರಿ. ಹುಲ್ಲು ಕೊಯ್ಯಲು ಒಂದು ತುಂಡು ನೆಲ.

*

ಇಲ್ಲಿ ನಿಮ್ಮಲ್ಲೊಬ್ಬರು ಎದ್ದು ಕೇಳಬಹುದು: ಧರ್ಮ ಮತ್ತು ಅಧಿಕಾರ ಕೂಡಿದರೆ ರಕ್ತ ಹರಿಯುವುದಿಲ್ಲವೇ? ಹರಿಯಿತು. 1980ರ ದಶಕದಲ್ಲಿ ಪಂಜಾಬಿನಲ್ಲಿ ಧರ್ಮದ ಹೆಸರಿನಲ್ಲಿ ಬಸ್ಸಿನಿಂದ ಇಳಿಸಿ ಕೊಂದರು. 1984ರ ಜೂನ್‌ನಲ್ಲಿ ಸೈನ್ಯ ಹರಮಂದಿರಕ್ಕೆ ನುಗ್ಗಿತು, ಅಕಾಲ್ ತಖ್ತ್ ಪುಡಿಯಾಯಿತು. ಅದೇ ನವೆಂಬರ್‌ನಲ್ಲಿ ದಿಲ್ಲಿಯಲ್ಲಿ ಸಾವಿರಾರು ಸಿಖ್ಖರನ್ನು ಸುಟ್ಟರು, ಕೊಂದರು. 1988ರಲ್ಲಿ ನಮ್ಮ ಬೀದರಿನಲ್ಲೇ, ನಾನಕರು ನೀರು ಕೊಟ್ಟರು ಎನ್ನುವ ಊರಿನಲ್ಲೇ, ಓದಲು ಬಂದ ಸಿಖ್ ವಿದ್ಯಾರ್ಥಿಗಳ ಮೇಲೆ ಗುಂಪು ಬಿದ್ದಿತು. ಹುಡುಗರ ಪ್ರಾಣ ಹೋಯಿತು. ಅವರು ನಿಮ್ಮ ಹಾಗೆ ಮನೆ ಬಿಟ್ಟು ಬಂದು ರೂಮಿನಲ್ಲಿದ್ದು ಓದುತ್ತಿದ್ದವರು.

ಆದ್ದರಿಂದ ನಾವು ಹೇಳುವ ಮಾತು ಎಚ್ಚರದ್ದು. ಪೀರಿ ಮೀರಿಯ ಮೇಲೆ ಕಣ್ಣಿಡಬೇಕು, ಮೀರಿ ಪೀರಿಯನ್ನು ಕಾಯಬೇಕು. ಕತ್ತಿ ಹಿಡಿದವನೇ ಗ್ರಂಥದ ಅರ್ಥ ಹೇಳಲು ನಿಂತರೆ ಎರಡೂ ಹಾಳು. ಗುಡಿ ಕಟ್ಟಿ ಓಟು ಎತ್ತುವವರ ಮಾತೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅವರು ಎರಡು ಕತ್ತಿಯನ್ನೂ ಒಂದೇ ಒರೆಯಲ್ಲಿ ಹಾಕಿ ತಮ್ಮ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ನಮಗೆ ಕೊಡುವುದು ಮೆರವಣಿಗೆಯ ಧ್ವಜದ ಕೋಲು ಮಾತ್ರ.

*

ಕೊನೆಯದಾಗಿ ಬಾಬಾಸಾಹೇಬರು.

1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ ಅವರು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1936ರ ಏಪ್ರಿಲ್‌ನಲ್ಲಿ ಅಮೃತಸರಕ್ಕೆ, ಸಿಖ್ಖರ ಸಮ್ಮೇಳನಕ್ಕೆ ಹೋದರು. ತಮ್ಮ ಕೆಲವರನ್ನು ಅಲ್ಲಿಗೆ ಕಳಿಸಿ ನೋಡಿ ಬರಲು ಹೇಳಿದರು. ಅದೇ ವರ್ಷ ಲಾಹೋರಿನವರು ಮಾಡಗೊಡದ 'ಜಾತಿ ವಿನಾಶ'ದ ಭಾಷಣದಲ್ಲಿ ಅವರು ಒಂದು ದೊಡ್ಡ ಮಾತು ಹೇಳಿದ್ದಾರೆ. ಸಮಾಜದ, ಧರ್ಮದ ಕ್ರಾಂತಿ ಮೊದಲು ನಡೆಯದೆ ರಾಜಕೀಯ ಕ್ರಾಂತಿ ಆಗುವುದಿಲ್ಲ. ಬುದ್ಧನ ನಂತರ ಚಂದ್ರಗುಪ್ತ, ಸಂತರ ನಂತರ ಶಿವಾಜಿ, ನಾನಕರ ನಂತರ ಸಿಖ್ಖರ ರಾಜ್ಯ ಎಂಬುದು ಅವರ ತರ್ಕದ ಸಾರ. ಪೀರಿ ಮೀರಿಯ ಮಾತನ್ನೇ ಅವರು ತಮ್ಮ ಭಾಷೆಯಲ್ಲಿ ಹೇಳಿದರು.

ಆದರೂ ಅವರು ಸಿಖ್ಖರಾಗಲಿಲ್ಲ. ಕಾರಣ ಒಂದೇ ಅಲ್ಲ. ಒಂದು ದೊಡ್ಡ ತೊಡಕು ಮಾತ್ರ ನೀವು ತಿಳಿದಿರಬೇಕು. 1932ರ ಪೂನಾ ಒಪ್ಪಂದದಲ್ಲಿ ಸಿಕ್ಕ ಮೀಸಲು ಸ್ಥಾನಗಳು ಧರ್ಮ ಬದಲಿಸಿದವರಿಗೆ ಉಳಿಯುತ್ತವೆಯೇ? ಧರ್ಮ ಹುಡುಕಲು ಹೊರಟಾಗಲೂ ಅವರು ರಾಜಕೀಯ ಹಕ್ಕಿನ ಲೆಕ್ಕ ಬಿಡಲಿಲ್ಲ. ಲೆಕ್ಕ ಹಾಕಿದ್ದು ಸರಿ ಎಂದು ಮುಂದೆ ತಿಳಿಯಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಎಂಬುದನ್ನು ಹಿಂದೂಗಳಿಗೆ, ಜೊತೆಗೆ ಪಂಜಾಬಿನ ನಾಲ್ಕು ಸಿಖ್ ಜಾತಿಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಎಲ್ಲ ಸಿಖ್ ದಲಿತರಿಗೂ ಬಂತು. ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಬೌದ್ಧರಾದ ಲಕ್ಷಾಂತರ ಜನರಿಗೆ ಆ ಪಟ್ಟಿಯಲ್ಲಿ ಜಾಗ ಸಿಗಲು 1990ರ ತನಕ ಕಾಯಬೇಕಾಯಿತು. ಕ್ರೈಸ್ತರಾದ, ಮುಸಲ್ಮಾನರಾದ ದಲಿತರಿಗೆ ಅದರಲ್ಲಿ ಜಾಗವಿಲ್ಲ. ಧರ್ಮ ಖಾಸಗಿ ವಿಷಯ ಎನ್ನುತ್ತಾರೆ. ಹಾಸ್ಟೆಲ್ ಸೀಟಿಗೆ ಜಾತಿ ಸರ್ಟಿಫಿಕೇಟ್ ಮಾಡಿಸಲು ತಹಸೀಲ್ ಕಚೇರಿಯ ಸಾಲಿನಲ್ಲಿ ನಿಂತಾಗ ಕೇಳಿ ನೋಡ್ರಿ, ಖಾಸಗಿಯೋ ಅಲ್ಲವೋ.

ಆ ಸಿಖ್ ದಲಿತರ ಒಂದು ರಾಮದಾಸಿಯಾ ಮನೆಯಿಂದಲೇ 1934ರಲ್ಲಿ ಕಾನ್ಶಿ ರಾಮ್ ಹುಟ್ಟಿದರು. ಸೈಕಲ್ ಹತ್ತಿ ಊರೂರು ತಿರುಗಿ, 1984ರಲ್ಲಿ ಪಕ್ಷ ಕಟ್ಟಿದರು. ಎರಡನೇ ಕತ್ತಿ ಇನ್ನೂ ನಮ್ಮ ಕೈಗೆ ಬಂದಿಲ್ಲ ಎಂದು ಅವರಿಗೆ ಹುಟ್ಟಿದ ಊರೇ ಕಲಿಸಿತ್ತು.

*

ಹಾಗಾದರೆ ನಾವೇನು ಮಾಡಬೇಕು? ಎಲ್ಲರೂ ನಾಳೆಯೇ ಪಗಡಿ ಸುತ್ತಬೇಕು ಎಂದು ನಾವು ಹೇಳುವುದಿಲ್ಲ. ಯಾವ ಧರ್ಮ ಎಂಬುದನ್ನು ನೀವು ಓದಿ, ನಿಮ್ಮ ಅವ್ವ ಅಪ್ಪನ ಸಂಗಡ ಕೂತು ತೀರ್ಮಾನಿಸ್ರಿ. ಆದರೆ ಯಾವ ಧರ್ಮ ನಿಮ್ಮನ್ನು ಕರೆದರೂ ನಾಲ್ಕು ಪ್ರಶ್ನೆ ಕೇಳ್ರಿ. ಅಡುಗೆ ಯಾರು ಮಾಡುತ್ತಾರೆ, ಯಾರ ಪಕ್ಕದಲ್ಲಿ ಯಾರು ಉಣ್ಣುತ್ತಾರೆ? ಹುಡುಗಿಯನ್ನು ಕೊಡುತ್ತಾರೋ ಇಲ್ಲವೋ? ಹೊಲ ಯಾರ ಹೆಸರಿನಲ್ಲಿದೆ? ಗುಡಿಯ ಬೀಗದ ಕೈ ಯಾರ ಉಡಿಯಲ್ಲಿದೆ? ಮೊದಲ ಪ್ರಶ್ನೆಗೆ ಸಿಖ್ಖರು ಉತ್ತರ ಕೊಟ್ಟರು. ನಾಲ್ಕನೆಯದಕ್ಕೆ ಅರ್ಧ ಕೊಟ್ಟರು. ಎರಡು, ಮೂರಕ್ಕೆ ಇನ್ನೂ ಕೊಟ್ಟಿಲ್ಲ. ನಮ್ಮ ಊರುಗಳು ಒಂದಕ್ಕೂ ಕೊಟ್ಟಿಲ್ಲ.

ನಮ್ಮ ಕೈಗೆಟುಕುವ ಕೆಲಸಗಳಿವೆ. ಕರ್ನಾಟಕದ 1997ರ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಪ್ರಕಾರ ಮುಜರಾಯಿ ಗುಡಿಯ ವ್ಯವಸ್ಥಾಪನಾ ಸಮಿತಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು, ಹೆಣ್ಣುಮಕ್ಕಳೂ ಇರಬೇಕು. ನಿಮ್ಮ ಊರಿನ ಗುಡಿ ಮುಜರಾಯಿಗೆ ಸೇರಿದ್ದರೆ ಸಮಿತಿಯ ಪಟ್ಟಿ ಕೇಳ್ರಿ. ಹೆಸರಿಗೆ ಒಬ್ಬರನ್ನು ಹಾಕಿ ಸಹಿ ಮಾತ್ರ ಹಾಕಿಸುತ್ತಾರೋ, ಸಭೆಗೆ ಕರೆಯುತ್ತಾರೋ ನೋಡ್ರಿ. ನಮ್ಮ ಅಜ್ಜಂದಿರಿಗೆ ಸರಕಾರ ಮಂಜೂರು ಮಾಡಿದ ಭೂಮಿ ಪರಭಾರೆಯಾಗಿದ್ದರೆ ಅದನ್ನು ವಾಪಸು ಕೊಡಿಸಲು 1978ರ ಕಾಯ್ದೆ ಇದೆ. ರಜೆಗೆ ಊರಿಗೆ ಹೋದಾಗ ಪೆಟ್ಟಿಗೆಯ ತಳದಲ್ಲಿರುವ ಹಳೇ ಕಾಗದ ತೆಗೆದು ಓದಿ ಹೇಳ್ರಿ. ಅಕ್ಷರ ಕಲಿತದ್ದು ಅದಕ್ಕೇ. ಗಾಯರಾಣ ಎಷ್ಟಿದೆ, ಯಾರು ಒತ್ತಿದ್ದಾರೆ ಬರೆದುಕೊಳ್ರಿ. ಮತ್ತೆ ಇಲೆಕ್ಷನ್ನಿನ ರಾತ್ರಿ ಭಂಡಾರದ ಚೀಲ ಕೇರಿಗೆ ಬಂದಾಗ ಅವ್ವನಿಗೆ, ಅಜ್ಜಿಗೆ ಧೈರ್ಯ ಹೇಳ್ರಿ: 'ಯವ್ವಾ, ಅಂಜಬ್ಯಾಡ. ಗುಡಿ ಒಳಗ ಬಿಡದ ದೇವರು ಓಟಿನ ಪೆಟ್ಟಿಗಿ ಒಳಗ ಇಣುಕಿ ನೋಡಾಂಗಿಲ್ಲ.'

ಬೀದರಿನ ಆ ಕ್ಷೌರಿಕ ಮನೆ ಬಿಟ್ಟು ಹೊರಟಾಗ ಅವನ ಹಡಪದಲ್ಲಿ ಇದ್ದದ್ದು ಒಂದು ಕತ್ತಿ. ಬೇರೆಯವರ ಗಡ್ಡ ಹೆರೆಯುವ ಕತ್ತಿ. ಅದನ್ನು ಕೆಳಗಿಟ್ಟು ಇನ್ನೊಂದು ಕತ್ತಿ ಹಿಡಿಯಲು ಅವನು ನೂರಾರು ಮೈಲಿ ನಡೆಯಬೇಕಾಯಿತು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಪುಸ್ತಕ ನಮ್ಮ ಕೈಯಲ್ಲಿದೆ, ಓಟು ನಮ್ಮ ಕೈಯಲ್ಲಿದೆ, ಬಾಬಾಸಾಹೇಬರು ಬರೆದ ಸಂವಿಧಾನ ಇದೆ. ಜಾತ್ರೆಯ ದಿನ ತಿರುಗಿ ಬಂದ ಆ ನಾಲ್ಕು ಹುಡುಗರು ಮುಂದಿನ ಸಲ ಹೋಗುವಾಗ ನಾಲ್ಕೇ ಜನ ಇರಬಾರದು. ದೊಡ್ಡವರು ಮತ್ತೆ ತಣ್ಣಗೆ 'ಧರ್ಮದಾಗ ರಾಜಕೀಯ ತರಬ್ಯಾಡ್ರೋ' ಅಂದರೆ, ನಾವೂ ಅಷ್ಟೇ ತಣ್ಣಗೆ ಹೇಳೋಣ: 'ನಾವು ತರಲಿಕ್ಕೆ ಬಂದಿಲ್ರೀ. ಇಲ್ಲೇ ಇದ್ದದ್ರಾಗ ನಮ್ಮ ಪಾಲು ಕೇಳಲಿಕ್ಕೆ ಬಂದೀವಿ.'

ಜೈ ಭೀಮ್.